ಒಳ್ಳೆಯ ಚರ್ಮ ಎಲ್ಲಿ ಸಿಗುತ್ತದೆ?

'ನನ್ನ ಚರ್ಮ ಸುಲಿದು ಚಪ್ಪಲಿ ಮಾಡಿ ಹಾಕಿದರೂ ನಿಮ್ಮ ಋಣ ತೀರುವುದಿಲ್ಲ.' ಉಪಕಾರ ಪಡೆದವರು ಕೈಮುಗಿದು ಆಡುವ ಈ ಮಾತನ್ನು ಕೇಳದ ಕನ್ನಡಿಗರಿಲ್ಲ. ಮಾತಿನ ಹಿಂದೆ 12ನೇ ಶತಮಾನದ ಕಲ್ಯಾಣದ ಶರಣ ಹರಳಯ್ಯ ಮತ್ತು ಆತನ ಮಡದಿ ಕಲ್ಯಾಣಮ್ಮನ ಕಥೆಯಿದೆ. ಹರಳಯ್ಯ 'ಶರಣು' ಎಂದಾಗ ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಮರುನಮಿಸಿದರಂತೆ. ಹೆಚ್ಚಿಗೆ ಬಂದ ಆ ಒಂದು ಶರಣಿನ ಋಣ ತೀರಿಸಲು ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರಂತೆ.

ಕಥೆಯ ಭಕ್ತಿಯನ್ನು ನಾವು ನೆನೆಯುತ್ತೇವೆ. ಆದರೆ ಸುಲಿದ ಚರ್ಮ ಚಪ್ಪಲಿಯಾಗುವವರೆಗೆ ನಡುವೆ ಏನೇನು ನಡೆಯುತ್ತದೆ ಎಂದು ಕೇಳುವವರು ಕಡಿಮೆ. ಸುಲಿದ ತೊಗಲನ್ನು ಹಾಗೆಯೇ ಬಿಟ್ಟರೆ ಎರಡು ದಿನಕ್ಕೆ ನಾರುತ್ತದೆ. ಬಿಸಿಲಿಗೆ ಹಾಕಿದರೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಮಳೆಗೆ ನೆನೆದರೆ ಮತ್ತೆ ಮೆತ್ತಗಾಗಿ ಕೊಳೆಯುತ್ತದೆ. ಇದನ್ನು ವರ್ಷಗಟ್ಟಲೆ ತುಳಿದರೂ ಬಾಳುವ ವಸ್ತುವಾಗಿ ಮಾಡುವ ವಿದ್ಯೆಗೆ ಕನ್ನಡದಲ್ಲಿ ಇರುವ ಹೆಸರು ಎರಡೇ ಅಕ್ಷರದ್ದು: ಹದ.

ಈಗ ಈ ಮಾತು ಬರಲು ಕಾರಣವಿದೆ. ಕೈಯಿಂದಲೇ ಪರ್ಸು, ಬೆಲ್ಟು, ಚೀಲ, ಚಪ್ಪಲಿ ಮಾಡುವುದನ್ನು ಕಲಿಯಬೇಕೆಂಬ ಆಸೆ ಓದಿದ ಯುವಕ ಯುವತಿಯರಲ್ಲಿಯೂ ಕಾಣುತ್ತಿದೆ. ತೊಗಲುಗೊಂಬೆ ಮಾಡುವುದನ್ನು ಕಲಿಯಲು ಬರುವವರೂ ಇದ್ದಾರೆ. ಅವರೆಲ್ಲರ ಮೊದಲ ಪ್ರಶ್ನೆ ಒಂದೇ: ಒಳ್ಳೆಯ ಚರ್ಮ ಎಲ್ಲಿ ಸಿಗುತ್ತದೆ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಸೋಜಿಗವೆನಿಸುತ್ತದೆ. ಊರೂರಿನಲ್ಲಿ ಚರ್ಮ ಹದವಾಗುತ್ತಿದ್ದ ಸೀಮೆ ಇದು. ಇಂದು ಪೇಟೆಯಲ್ಲಿ ರೆಗ್ಜಿನ್ ಸುಲಭವಾಗಿ ಸಿಗುತ್ತದೆ, ಹದಗೊಂಡ ಚರ್ಮ ಹುಡುಕಬೇಕಾಗುತ್ತದೆ. ಹೀಗೇಕಾಯಿತು ಎಂಬುದನ್ನು ತಿಳಿಯದೆ ಒಳ್ಳೆಯ ಚರ್ಮ ಯಾವುದು ಎಂಬುದೂ ತಿಳಿಯುವುದಿಲ್ಲ.

ಹಸಿಯೋ, ಹದವೋ?

ಹೊಸಬರು ಮೊದಲು ತಿಳಿಯಬೇಕಾದುದು ಇಷ್ಟು. ಪ್ರಾಣಿಯ ತೊಗಲನ್ನು ಬಳಸುವ ದಾರಿಗಳು ಎರಡು. ಒಂದು, ಕೂದಲು ತೆಗೆದು, ಮಾಂಸ ಕೊಬ್ಬು ಹೆರೆದು, ಬಿಗಿಯಾಗಿ ಎಳೆದು ಒಣಗಿಸುವುದು. ಇದು ಹಸಿ ತೊಗಲು. ಇನ್ನೊಂದು, ಮರದ ತೊಗಟೆಯ ಒಗರು ರಸದಲ್ಲೋ ರಾಸಾಯನಿಕದಲ್ಲೋ ನೆನೆಸಿ ಅದರ ಸ್ವಭಾವವನ್ನೇ ಬದಲಿಸುವುದು. ಇದು ಹದಗೊಂಡ ಚರ್ಮ.

ತೊಗಲಿನ ಮುಖ್ಯ ಭಾಗ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಕಂಬಳಿಯಂತೆ ಇರುತ್ತವೆ. ನೀರು ಒಣಗಿದಾಗ ಈ ಎಳೆಗಳು ಒಂದಕ್ಕೊಂದು ಅಂಟಿಕೊಂಡು ತೊಗಲು ಗಟ್ಟಿಯಾಗುತ್ತದೆ. ತೊಗಟೆಯ ಒಗರಿನಲ್ಲಿರುವ ಟ್ಯಾನಿನ್ ಎಳೆಗಳ ನಡುವೆ ಸೇರಿಕೊಂಡು ಅವನ್ನು ಬಂಧಿಸಿದಾಗ ಅವು ಅಂಟಿಕೊಳ್ಳುವುದಿಲ್ಲ. ಚರ್ಮ ಒಣಗಿದರೂ ಬಾಗುತ್ತದೆ, ನೆನೆದರೂ ಬೇಗ ಕೊಳೆಯುವುದಿಲ್ಲ. ಕಾಯಿ ಅಡಿಕೆ ಜಗಿದಾಗ ಬಾಯಿಯ ಒಳಚರ್ಮ ಬಿಗಿದಂತಾಗುತ್ತದಲ್ಲ, ಅದೂ ಒಗರಿನದೇ ಕೆಲಸ.

ಎರಡಕ್ಕೂ ಅದರದರ ಜಾಗವಿದೆ. ತಮಟೆಗೆ, ಡೊಳ್ಳಿಗೆ, ಮೃದಂಗಕ್ಕೆ ಹಸಿ ತೊಗಲೇ ಬೇಕು. ಹದ ಮಾಡಿದ ಮೃದು ಚರ್ಮ ಕಟ್ಟಿದರೆ ನಾದ ಬರುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಹದಗೊಂಡ ಚರ್ಮವೇ ಬೇಕು. ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲೇ ಚರ್ಮ ಕೊಂಡವರು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ನಾಗಮಂಗಲದ ಗೊಂಬೆ

ಹಸಿ ತೊಗಲಿನ ಅತ್ಯಂತ ನವಿರಾದ ಕೆಲಸ ನೋಡಬೇಕಾದರೆ ತೊಗಲುಗೊಂಬೆಗಳನ್ನು ನೋಡಬೇಕು. ನಾಗಮಂಗಲದ ಕಡೆಯೂ ಈ ಗೊಂಬೆಯಾಟದ ಪರಂಪರೆ ಇದೆ. ಆಡಿಸುವವರು ಕಿಳ್ಳೇಕ್ಯಾತ ಸಮುದಾಯದವರು. ಉತ್ತರದ ಕಡೆ ಶಿಳ್ಳೇಕ್ಯಾತರೆಂದು ಹೆಸರು. ಮನೆಯೊಳಗೆ ಮರಾಠಿಗೆ ಹತ್ತಿರದ ನುಡಿ, ಪರದೆಯ ಹಿಂದೆ ಕನ್ನಡ. ಹಲವರಿಗೆ ಮೀನು ಹಿಡಿಯುವುದು ಇನ್ನೊಂದು ಕಸುಬು. ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಹರಳೆಣ್ಣೆ ದೀಪದ ಬೆಳಕಿನಲ್ಲಿ ಬಿಳಿ ಪರದೆಯ ಮೇಲೆ ಆಡಿಸುತ್ತಿದ್ದರು. ಮಳೆ ಬಾರದ ವರ್ಷ ಊರವರೇ ಕರೆಸಿ ಆಡಿಸುವ ವಾಡಿಕೆಯೂ ಇತ್ತು.

ಈ ಗೊಂಬೆಗಳ ಜೀವಾಳ ತೊಗಲಿನ ಪಾರದರ್ಶಕತೆ. ಬೆಳಕು ತೊಗಲಿನ ಒಳಗಿಂದ ಹಾಯ್ದು ಬರಬೇಕು, ಬಣ್ಣ ಹೊಳೆಯಬೇಕು. ಆದ್ದರಿಂದ ಇಲ್ಲಿ ಹದ ಮಾಡಿದ ಚರ್ಮಕ್ಕೆ ಕೆಲಸವಿಲ್ಲ, ಅದು ಬೆಳಕನ್ನು ತಡೆಯುತ್ತದೆ. ಹೆಚ್ಚಾಗಿ ಬಳಕೆಯಾಗುವುದು ಮೇಕೆಯ ತೊಗಲು. ಹಿಂದೆ ಜಿಂಕೆಯ ತೊಗಲೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. ಖಂಜಿರಕ್ಕೆ ಉಡದ ಚರ್ಮ ಕಟ್ಟುತ್ತಿದ್ದವರೂ ಇದೇ ಕಾರಣದಿಂದ ಮೇಕೆಯ ಕಡೆ ತಿರುಗಬೇಕಾಯಿತು. ಹೊಸದಾಗಿ ಕಲಿಯುವವರು ಇದನ್ನು ನೆನಪಿಡಬೇಕು: ಯಾರಾದರೂ 'ಜಿಂಕೆ ಚರ್ಮ, ಹಾವಿನ ಚರ್ಮ ಇದೆ' ಎಂದು ತೋರಿಸಿದರೆ ಮುಟ್ಟದಿರುವುದೇ ಲೇಸು.

ಗೊಂಬೆಗೆ ತೊಗಲು ಆರಿಸುವವರ ಕಣ್ಣು ಮೊದಲು ಹುಡುಕುವುದು ಗಾಯವನ್ನು. ಸುಲಿಯುವಾಗ ಕತ್ತಿ ತಗುಲಿದ ಜಾಗ ಎಳೆದು ಕಟ್ಟಿದಾಗ ಹರಿಯುತ್ತದೆ. ಹಸಿಯಾಗಿರುವಾಗ ಕೂದಲೆಳೆಯಷ್ಟಿದ್ದ ಗೆರೆ ಒಣಗುವ ಹೊತ್ತಿಗೆ ಬೆರಳು ತೂರುವಷ್ಟಾಗುತ್ತದೆ. ಎರಡನೆಯದು ಕೊಬ್ಬು. ಕೊಬ್ಬು ಸರಿಯಾಗಿ ಹೆರೆಯದಿದ್ದರೆ ಒಣಗಿದ ಮೇಲೆ ಹಳದಿ ಕಲೆಯಾಗಿ ನಿಲ್ಲುತ್ತದೆ, ಅಲ್ಲಿ ಬೆಳಕು ಹಾಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಚೆನ್ನಾಗಿ ತಯಾರಾದ ತೊಗಲನ್ನು ಬೆಳಕಿಗೆ ಹಿಡಿದರೆ ಸುಡದ ಹಪ್ಪಳದಂತೆ ಕಾಣುತ್ತದೆ. ಆ ಮೇಲೆ ಚಿತ್ರ ಬರೆದು, ಸಣ್ಣ ಉಳಿಗಳಿಂದ ಆಭರಣದ ತೂತುಗಳನ್ನು ಕೊರೆದು, ಎರಡೂ ಬದಿಗೆ ಬಣ್ಣ ಹಾಕುತ್ತಾರೆ.

ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ರಾಜ್ಯದ ಹಳ್ಳಿಗಳಿಂದ ಇಂಥ ಗೊಂಬೆಗಳನ್ನು ಸಂಗ್ರಹಿಸಿದ್ದರಿಂದ ಹಳೆಯ ಕೆಲಸ ಬೆಂಗಳೂರಿನಲ್ಲಿ ನೋಡಲು ಉಳಿದಿದೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಮತ್ತೆ ನಾಡಿನ ಬಾಯಲ್ಲಿ ಬಂತು.

ಎಕ್ಕದ ಹಾಲು, ರಾಗಿ ಅಂಬಲಿ, ತಂಗಡಿ ತೊಗಟೆ

ಹದದ ದಾರಿಗೆ ಬರೋಣ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಮಾದಿಗ ಸಮುದಾಯದವರು ಚರ್ಮ ಹದ ಮಾಡುತ್ತಿದ್ದ ಕ್ರಮವನ್ನು ಅವನು ಅಡುಗೆ ವಿಧಾನ ಬರೆದಷ್ಟೇ ವಿವರವಾಗಿ ಬರೆದುಕೊಂಡಿದ್ದಾನೆ. ಕುರಿ ಮೇಕೆಗಳ ಹಸಿ ತೊಗಲನ್ನು ತೊಳೆದು, ಎಕ್ಕದ ಹಾಲು, ಉಪ್ಪು, ರಾಗಿ ಹಿಟ್ಟಿನ ಅಂಬಲಿ ಕಲೆಸಿ ಕೂದಲಿನ ಬದಿಗೆ ಬಳಿಯುತ್ತಿದ್ದರು. ಮೂರು ದಿನ ಬಿಸಿಲಿಗಿಟ್ಟು, ಬಟ್ಟೆ ಒಗೆಯುವಂತೆ ಕಲ್ಲಿಗೆ ಬಡಿದರೆ ಕೂದಲು ಉದುರುತ್ತಿತ್ತು. ಮುಂದಿನ ಹದಕ್ಕೆ ಅಳಲೆಕಾಯಿ. ದನ, ಎಮ್ಮೆಗಳ ದಪ್ಪ ತೊಗಲಿಗೆ ಬೇರೆ ಕ್ರಮ: ಮೊದಲು ಸುಣ್ಣದ ನೀರು, ಕೂದಲು ತೆಗೆದ ಮೇಲೆ ತಂಗಡಿ.

ಎಕ್ಕ, ರಾಗಿ, ಸುಣ್ಣ, ಅಳಲೆಕಾಯಿ, ತಂಗಡಿ. ಈ ಪಟ್ಟಿಯಲ್ಲಿ ದೂರದ ಊರಿನಿಂದ ತರಬೇಕಾದ ಒಂದು ಸಾಮಾನೂ ಇಲ್ಲ ಎಂಬುದು ಗಮನಾರ್ಹ. ತಂಗಡಿ, ಅಥವಾ ಆವರಿಕೆ, ಒಣಭೂಮಿಯ ಬದುಗಳಲ್ಲಿ ತಾನಾಗಿ ಬೆಳೆಯುವ ಹಳದಿ ಹೂವಿನ ಗಿಡ. ದನಕರು ಬಾಯಿ ಹಾಕುವುದಿಲ್ಲ. ಅದರ ತೊಗಟೆಯಲ್ಲಿರುವ ಒಗರೇ ದಕ್ಷಿಣ ಭಾರತದ ಚರ್ಮದ ಹೆಸರನ್ನು ಹಡಗಿನಲ್ಲಿ ಹೊರದೇಶಗಳಿಗೆ ಮುಟ್ಟಿಸಿತು. ಮದ್ರಾಸ್ ಬಂದರಿನಿಂದ ಹೋಗುತ್ತಿದ್ದ ಈ ಸಸ್ಯಹದದ ಚರ್ಮಕ್ಕೆ 'ಈಸ್ಟ್ ಇಂಡಿಯಾ ಲೆದರ್' ಎಂದೇ ಹೆಸರು ಬಿತ್ತು. ಹಳ್ಳಿಗಳಲ್ಲಿ ಇನ್ನೂ ಸರಳವಾದ ಉಪಾಯವಿತ್ತು. ತೊಗಲನ್ನೇ ಚೀಲದಂತೆ ಹೊಲಿದು, ತೊಗಟೆ ಮತ್ತು ನೀರು ತುಂಬಿ, ಕಂಬಕ್ಕೆ ನೇತುಹಾಕುವುದು. ಒಗರು ನೀರು ಒಳಗಿಂದ ಹೊರಕ್ಕೆ ನಿಧಾನವಾಗಿ ಜಿನುಗುತ್ತಾ ಚರ್ಮವನ್ನು ಹದ ಮಾಡುತ್ತಿತ್ತು.

ಹೀಗೆ ಹದಗೊಂಡ ಚರ್ಮ ಎಲ್ಲಿ ಹೋಗುತ್ತಿತ್ತು? ರೈತನ ಮನೆ ಹೊಕ್ಕರೆ ಉತ್ತರ ಸಿಗುತ್ತಿತ್ತು. ನೊಗಕ್ಕೆ ಬಿಗಿಯುವ ಮಿಣಿ, ಬಾರುಕೋಲಿನ ಬಾರು, ಎತ್ತಿನ ಕೊರಳ ಗೆಜ್ಜೆಪಟ್ಟಿ, ಕಾಲಿಗೆ ಎಕ್ಕಡ, ಕಮ್ಮಾರನ ಕುಲುಮೆಗೆ ತಿದಿ. ಎಲ್ಲಕ್ಕಿಂತ ದೊಡ್ಡದು ಕಪಿಲೆ ಬಾವಿಯ ತೊಗಲಿನ ಚೀಲ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಾಗ ಬಾವಿಯಿಂದ ನೀರು ತುಂಬಿ ಮೇಲೆ ಬಂದು ಕಾಲುವೆಗೆ ಸುರಿಯುತ್ತಿದ್ದುದು ಈ ಚೀಲದಿಂದ. ಚೀಲ ತೂತಾದರೆ ಬೆಳೆ ಒಣಗಿತೆಂದೇ ಅರ್ಥ. ಚರ್ಮದ ಕೆಲಸದವರು ಊರಿನ ಆಯಗಾರರಲ್ಲಿ ಒಬ್ಬರು. ಸುಗ್ಗಿಯ ಕಾಲಕ್ಕೆ ಕಣದಲ್ಲಿ ಇಷ್ಟು ಕಾಳು ಎಂದು ಅವರ ಪಾಲು. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಗಳು ಹಳ್ಳಿಕಾರ್ ಎತ್ತುಗಳಿಗೆ ಹೆಸರಾದವು. ಎತ್ತು ಇದ್ದ ಕಡೆ ಪಟ್ಟಿ, ಬಾರು, ಮಿಣಿಗಳ ವ್ಯಾಪಾರವೂ ಇರಲೇಬೇಕಷ್ಟೆ.

ಪಟ್ಟಣದ ರಟ್ಟು ಮತ್ತು ರಾಕೆಟ್

ಹಳ್ಳಿಯ ಚರ್ಮ ಒರಟು, ರಾಜಧಾನಿಯ ಚರ್ಮ ನಾಜೂಕು. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಟಿಪ್ಪು ಸುಲ್ತಾನ್ ಶಿರಾದಿಂದ ಸಾವಿರಾರು ಕುಟುಂಬಗಳನ್ನು ಒತ್ತಾಯದಿಂದ ಕರೆತಂದು ಗಂಜಾಂ ಪೇಟೆಯನ್ನು ಬೆಳೆಸಿದ. ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂದು ಹೆಸರು ಬಂದದ್ದು ಅಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ. ಕುದುರೆ, ಸೈನ್ಯ ಇದ್ದ ಕಡೆ ಜೀನು, ಲಗಾಮು, ಪಟ್ಟಿಗಳ ಬೇಡಿಕೆ ಎಷ್ಟಿದ್ದೀತೆಂದು ಊಹಿಸಬಹುದು.

ಊಹೆ ಬೇಡವಾದ ಸಾಕ್ಷಿಗಳೂ ಇವೆ. 1799ರ ಮೇ 4ರಂದು ಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಾಲಯದಲ್ಲಿ ಸುಮಾರು 2000 ಸಂಪುಟಗಳಿದ್ದವು. ಅವುಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಪ್ರಕಟಿಸಿದ. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ರಟ್ಟು ಕಟ್ಟಿಸಿದ ಪುಸ್ತಕಗಳನ್ನು ನೋಡಿದ ತಕ್ಷಣ ಗುರುತಿಸಬಹುದೆಂದು ಅವನು ಹೇಳುತ್ತಾನೆ. ರಟ್ಟಿನ ನಡುವೆ ಪದಕದಂಥ ಚಿತ್ತಾರದಲ್ಲಿ ಪವಿತ್ರ ನಾಮಗಳು, ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರು, ಮೇಲೆ 'ಸರ್ಕಾರ್-ಎ-ಖುದಾದಾದ್' ಎಂಬ ಮುದ್ರೆ. ಈ ಪುಸ್ತಕಗಳು ಇಂದು ಲಂಡನ್, ಕೇಂಬ್ರಿಜ್, ಆಕ್ಸ್‌ಫರ್ಡ್, ಕೋಲ್ಕತ್ತಗಳಲ್ಲಿ ಹಂಚಿಹೋಗಿವೆ. ಒತ್ತಿದ ಅಚ್ಚು ಇಷ್ಟು ಕಾಲ ಅಳಿಯದೆ ನಿಲ್ಲುವುದು ಸಸ್ಯಹದದ ಚರ್ಮದ ವಿಶೇಷ ಗುಣ. ಒದ್ದೆ ಮಾಡಿ ಒತ್ತಿದರೆ ಒತ್ತಿದಂತೆಯೇ ಉಳಿಯುತ್ತದೆ.

ಮೈಸೂರು ರಾಕೆಟ್ಟಿನಲ್ಲಿಯೂ ತೊಗಲಿತ್ತು. ಇಂಗ್ಲೆಂಡಿನ ಫಿರಂಗಿದಳದ ವಸ್ತುಸಂಗ್ರಹದಲ್ಲಿದ್ದ ಎರಡು ಮಾದರಿಗಳಲ್ಲಿ ಒಂದರ ಕಬ್ಬಿಣದ ಕೊಳವೆಯನ್ನು ಕತ್ತಿಯ ಅಲಗಿಗೂ ಇನ್ನೊಂದರದನ್ನು ಬಿದಿರಿಗೂ ಕಟ್ಟಿರುವುದು ತೊಗಲಿನ ಪಟ್ಟಿಗಳಿಂದ. ಹಸಿ ತೊಗಲು ಒಣಗಿದಂತೆ ಕುಗ್ಗಿ ಬಿಗಿಯುತ್ತದೆ, ಇಂಥ ಕಟ್ಟಿಗೆ ಹೇಳಿ ಮಾಡಿಸಿದಂತಿದೆ. ಒಂದೇ ಊರಿನಲ್ಲಿ ಪುಸ್ತಕಕ್ಕೆ ಹದದ ಚರ್ಮ, ಆಯುಧಕ್ಕೆ ತೊಗಲಿನ ಪಟ್ಟಿ. ಯಾವುದಕ್ಕೆ ಯಾವುದು ಎಂದು ಬಲ್ಲ ಕೈಗಳು ಇದ್ದವು.

ಕ್ರೋಮ್ ಬಂತು, ಕಪಿಲೆ ಹೋಯಿತು

19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ಕ್ರಮ ವ್ಯಾಪಾರಕ್ಕೆ ಬಂತು. ತೊಗಟೆಗೆ ವಾರಗಳು ಬೇಕಾಗುವ ಕೆಲಸ ಇದರಲ್ಲಿ ಒಂದೆರಡು ದಿನದ್ದು. ಚರ್ಮ ಮೆತ್ತಗೆ, ನೀರಿಗೆ ಹೆದರದು, ಬಿಸಿಗೂ ತಡೆಯುತ್ತದೆ. ಮದ್ರಾಸ್ ಪ್ರಾಂತ್ಯದಲ್ಲಿ ಇದನ್ನು ಮೊದಲಿಗೆ ಪ್ರಯೋಗಕ್ಕೆ ತಂದವರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಒಬ್ಬ. ಸದಾ ನೀರಿನಲ್ಲಿ ನೆನೆಯುವ ಕಪಿಲೆ ಚೀಲಕ್ಕೆ ಕ್ರೋಮ್ ಚರ್ಮ ಹೆಚ್ಚು ಬಾಳಿಕೆಯದೆಂದು ಅವನು ಪ್ರಚಾರ ಮಾಡಿದ. ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನೂ ಆದ.

ವಿಪರ್ಯಾಸವೆಂದರೆ ಅದೇ ವಿಶ್ವೇಶ್ವರಯ್ಯನವರು ಆರಂಭಿಸಿದ ಕನ್ನಂಬಾಡಿ ಕಟ್ಟೆ 1932ರ ಹೊತ್ತಿಗೆ ಮುಗಿದು ನಾಲೆಗಳಲ್ಲಿ ನೀರು ಹರಿದಾಗ, ನೀರು ಮುಟ್ಟಿದ ಕಡೆಯಲ್ಲೆಲ್ಲ ಕಪಿಲೆಯ ಅಗತ್ಯವೇ ಕಡಿಮೆಯಾಯಿತು. ನೀರು ಮುಟ್ಟದ ಕಡೆ ಪಂಪ್‌ಸೆಟ್ ಬಂತು. ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ, ಎಕ್ಕಡದ ಜಾಗಕ್ಕೆ ಹವಾಯಿ ಚಪ್ಪಲಿ, ತಿದಿಯ ಜಾಗಕ್ಕೆ ಬೀಸುಗಾಳಿಯ ಯಂತ್ರ, ತಮಟೆಗೆ ಕೂಡ ಪ್ಲಾಸ್ಟಿಕ್ ಹಾಳೆ ಬಂದವು. ಹದ ಮಾಡಿದರೂ ಕೊಳ್ಳುವವರಿಲ್ಲದಂತಾಯಿತು. ಹಸಿ ತೊಗಲು ಉಪ್ಪು ಹಚ್ಚಿಸಿಕೊಂಡು ಲಾರಿ ಹತ್ತಿ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಂಥ ಹದಮನೆ ಪಟ್ಟಣಗಳ ಹಾದಿ ಹಿಡಿಯಿತು. 2021ರಲ್ಲಿ ಜಾರಿಗೆ ಬಂದ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿದ್ದರಿಂದ ಪೂರೈಕೆಯ ಲೆಕ್ಕ ಇನ್ನಷ್ಟು ಬದಲಾಯಿತು. ಈ ಭಾಗದಲ್ಲಿ ಈಗ ಸುಲಭವಾಗಿ ದೊರೆಯುವುದು ಕುರಿ ಮತ್ತು ಮೇಕೆಯ ತೊಗಲು.

ಆದರೆ ವಿದ್ಯೆ ಮರೆಯಾದದ್ದಕ್ಕೆ ಮಾರುಕಟ್ಟೆಯೊಂದೇ ಕಾರಣವೆಂದರೆ ಅರ್ಧ ಸತ್ಯವಾದೀತು. ಚರ್ಮ ಹದ ಮಾಡುವವರನ್ನು ಊರ ಹೊರಗೆ ಇಟ್ಟಿದ್ದೆವು. ಸತ್ತ ದನ ಹೊರುವುದು ಅವರ ಇಚ್ಛೆಯ ಕಸುಬಾಗಿರಲಿಲ್ಲ, ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಅವರು ಹೊಲಿದ ಚೀಲದಿಂದ ಬಂದ ನೀರು ಹೊಲಕ್ಕೆ ಬೇಕಿತ್ತು, ಅವರು ಬಾವಿ ಮುಟ್ಟುವುದು ಬೇಡವಾಗಿತ್ತು. 1970ರ ದಶಕದ ನಂತರ ದಲಿತ ಚಳವಳಿ ಬಲಗೊಂಡಂತೆ ಹಲವು ಹಳ್ಳಿಗಳಲ್ಲಿ ಜನ ದನ ಹೊರುವುದನ್ನೂ ಬಿಟ್ಟಿ ತಮಟೆ ಬಡಿಯುವುದನ್ನೂ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಅವಮಾನದ ಜೊತೆಗೆ ವಿದ್ಯೆಯೂ ಮನೆಯಿಂದ ಹೊರಟಿತು. ಅದನ್ನು ಮರಳಿ ಹೊರಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಕೊಳ್ಳುವ ಮುನ್ನ

ಈಗ ಹೊಸಬರ ಪ್ರಶ್ನೆಗೆ ನೇರವಾಗಿ ಬರಬಹುದು. ಹಸಿ ತೊಗಲಿನ ಕೆಲಸ ಕಲಿಯುವವರಿಗೆ ಹತ್ತಿರದ ಮಾಂಸದ ಅಂಗಡಿಯೇ ಮೊದಲ ಬಾಗಿಲು. ಮುಂಚಿತವಾಗಿ ಹೇಳಿಟ್ಟು, ಸುಲಿದ ದಿನವೇ ತಂದು, ತಕ್ಷಣ ಒಳಬದಿಗೆ ಧಾರಾಳವಾಗಿ ಕಲ್ಲುಪ್ಪು ಸವರಬೇಕು. ಉಪ್ಪು ಹಚ್ಚುವುದು ತಡವಾದರೆ ಕೂದಲು ತಾನಾಗಿ ಕಳಚತೊಡಗುತ್ತದೆ. ಅದು ತೊಗಲು ಕೊಳೆಯಲು ಶುರುವಾದ ಗುರುತು. ಬಕ್ರೀದ್ ಮತ್ತು ಊರ ಹಬ್ಬಗಳ ಸಮಯದಲ್ಲಿ ತೊಗಲು ಹೇರಳವಾಗಿ ಬರುತ್ತದೆ. ಆದರೆ ಅವಸರದಲ್ಲಿ ಸುಲಿದವುಗಳಲ್ಲಿ ಕತ್ತಿಗಾಯ ಹೆಚ್ಚಿರುವ ಸಂಭವವಿದೆ, ನೋಡಿಯೇ ಆರಿಸಬೇಕು.

ಹದಗೊಂಡ ಚರ್ಮಕ್ಕೆ ದಕ್ಷಿಣ ಭಾರತದ ದೊಡ್ಡ ಪೇಟೆ ಚೆನ್ನೈನ ಪೆರಿಯಮೇಟ್. ಹೊಸಬರು ಅಲ್ಲಿಗೆ ಹೋಗುವ ಮೊದಲು ಕೆಲವು ಸಂಗತಿ ತಿಳಿದಿರಬೇಕು. ಮೃದು ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ, ಅಟ್ಟೆಯ ದಪ್ಪ ಚರ್ಮವನ್ನು ತೂಕದ ಲೆಕ್ಕದಲ್ಲಿ ಮಾರುವುದು ವಾಡಿಕೆ. ಒಂದು ಮೇಕೆಯ ಚರ್ಮ ಸುಮಾರು 4ರಿಂದ 6 ಚದರ ಅಡಿ ಬರುತ್ತದೆ. ಕಲಿಕೆಗೆ ಅಷ್ಟು ಸಾಕು. ಪರ್ಸಿಗೆ 1ರಿಂದ 1.5 ಮಿಲಿಮೀಟರ್ ದಪ್ಪ, ಬೆಲ್ಟಿಗೆ 3ರಿಂದ 4 ಮಿಲಿಮೀಟರ್ ಹಿತ.

ಎಲ್ಲ ಭಾಗವೂ ಒಂದೇ ಬೆಲೆಯದಲ್ಲ. ಬೆನ್ನಿನ ಭಾಗದ ಎಳೆಗಳು ಒತ್ತಾಗಿರುತ್ತವೆ, ಎಳೆದರೆ ಹಿಗ್ಗುವುದಿಲ್ಲ. ಹೊಟ್ಟೆಯ ಭಾಗ ಸಡಿಲ. ಹೊಟ್ಟೆಯಿಂದ ಕತ್ತರಿಸಿದ ಬೆಲ್ಟು ಆರೇ ತಿಂಗಳಲ್ಲಿ ಉದ್ದವಾಗುತ್ತದೆ. ಉಣ್ಣೆ ಕಚ್ಚಿದ ಚುಕ್ಕೆ, ಬರೆ ಹಾಕಿದ ಗುರುತು, ಬೇಲಿ ತರಚಿದ ಗೆರೆಗಳು ಹೊರಮೈಯಲ್ಲಿ ಉಳಿಯುತ್ತವೆ. ಅವು ಚರ್ಮ ಅಸಲಿ ಎಂಬುದಕ್ಕೆ ಸಾಕ್ಷಿಯೂ ಹೌದು. ಒಂದು ಗುರುತೂ ಇಲ್ಲದೆ ಎಲ್ಲ ಕಡೆ ಒಂದೇ ಸಮನಾದ ನಯವಿದ್ದರೆ ಮೇಲ್ಪದರವನ್ನು ಉಜ್ಜಿ ಬಣ್ಣದ ಪೊರೆ ಹಾಕಿರಬಹುದು. ಚರ್ಮದ ಪುಡಿಯನ್ನು ಅಂಟಿನಿಂದ ಒತ್ತಿ ಹಾಳೆ ಮಾಡಿದ್ದೂ ಮಾರುಕಟ್ಟೆಯಲ್ಲಿದೆ. ಅದನ್ನು ಮಡಿಸಿ ಬಿಚ್ಚಿದರೆ ಬಿರುಕು ಬಿಡುತ್ತದೆ.

ಸಸ್ಯಹದವೋ ಕ್ರೋಮೋ ಎಂದು ತಿಳಿಯಲು ಅಂಚನ್ನು ನೋಡಿ. ಸಸ್ಯಹದದ್ದು ಒಳಗೂ ಕಂದು ಬಣ್ಣ, ಮೂಸಿದರೆ ತೊಗಟೆಯ ವಾಸನೆ. ಕ್ರೋಮ್ ಚರ್ಮದ ಒಳಗೆ ಹಲವೊಮ್ಮೆ ಬೂದು ನೀಲಿ ಗೆರೆ ಕಾಣುತ್ತದೆ. ಮೇಲುಪೊರೆ ಇಲ್ಲದ ಸಸ್ಯಹದದ ಚರ್ಮಕ್ಕೆ ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಕಪ್ಪಾಗುತ್ತದೆ. ಸಣ್ಣ ಚೂರನ್ನು ಸುಟ್ಟರೆ ಕ್ರೋಮ್ ಚರ್ಮದ ಬೂದಿಯಲ್ಲಿ ಹಸಿರು ಛಾಯೆ ಇರುತ್ತದೆ. ಚಿತ್ತಾರ ಒತ್ತಬೇಕು, ಅಂಚು ಉಜ್ಜಿ ಹೊಳಪಿಸಬೇಕು ಎನ್ನುವವರಿಗೆ ಸಸ್ಯಹದವೇ ಸರಿ. ಮೆತ್ತನೆಯ ಚೀಲ ಹೊಲಿಯುವವರಿಗೆ ಕ್ರೋಮ್ ಸಾಕು.

ಉಪಕರಣಗಳ ಬಗ್ಗೆ ಅಂಜಬೇಕಿಲ್ಲ. ಅಗಲ ಅಲಗಿನ ರಂಪಿಗೆ, ತೂತು ಕೊರೆಯುವ ಉಳಿ, ದಬ್ಬಳ, ಕೊಡತಿ, ಉಕ್ಕಿನ ಅಳತೆಪಟ್ಟಿ, ಜೇನುಮೇಣ ಸವರಿದ ದಾರ, ಸಲ್ಯೂಷನ್ ಇಷ್ಟಿದ್ದರೆ ಮೊದಲ ಪರ್ಸು ಆಗುತ್ತದೆ. ದುಬಾರಿ ಪೆಟ್ಟಿಗೆ ಕೊಳ್ಳುವುದಕ್ಕಿಂತ ಒಂದು ಕತ್ತಿಯನ್ನು ಚೆನ್ನಾಗಿ ಮಸೆಯುವುದನ್ನು ಕಲಿಯುವುದು ಮೇಲು. ಮೊಂಡು ಕತ್ತಿ ಚರ್ಮವನ್ನು ಕತ್ತರಿಸುವುದಿಲ್ಲ, ಎಳೆದು ಹಿಗ್ಗಿಸುತ್ತದೆ. ಹೊಲಿಯುವಾಗ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ಹಾಯಿಸಿದರೆ, ಒಂದು ಕಡೆ ದಾರ ಹರಿದರೂ ಇನ್ನೊಂದು ಕಡೆಯದು ಹಿಡಿದಿರುತ್ತದೆ.

ಯಾರನ್ನು ಕೇಳಬೇಕು?

ಪುಸ್ತಕ ಓದಿ ಇಷ್ಟು ತಿಳಿಯಬಹುದು. ಆದರೆ ಚರ್ಮವನ್ನು ಬೆರಳಲ್ಲಿ ಮಡಿಸಿ 'ಇದು ಹೊಟ್ಟೆ ಕಡೇದು, ಬೇಡ ಬಿಡಿ' ಎಂದು ಹೇಳುವ ಕೈ ಬೇರೆ. ಆ ಕೈ ಇರುವವರು ನಮ್ಮ ಪೇಟೆಗಳಲ್ಲಿಯೇ ಇದ್ದಾರೆ. ಬಸ್ ನಿಲ್ದಾಣದ ಪಕ್ಕ ಕೊಡೆಯ ನೆರಳಲ್ಲಿ ಕೂತು ಚಪ್ಪಲಿ ಹೊಲಿಯುವವರು ದಿನವಿಡೀ ನೂರು ಬಗೆಯ ಚರ್ಮ, ರೆಗ್ಜಿನ್, ರಬ್ಬರ್ ಮುಟ್ಟುವವರು. ಸರ್ಕಾರದ ಕಡೆಯಿಂದ 1976ರಲ್ಲಿ ಆರಂಭವಾದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂದರೆ ಲಿಡ್ಕರ್, ಈಗ ಡಾ. ಬಾಬು ಜಗಜೀವನ್ ರಾಂ ಅವರ ಹೆಸರಿನಲ್ಲಿದೆ. ಚರ್ಮದ ವಿಜ್ಞಾನ ತಿಳಿಯಬೇಕೆನ್ನುವವರಿಗೆ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಚೆನ್ನೈನ ಅಡ್ಯಾರಿನಲ್ಲಿದೆ.

ಗೌರವ ಕೊಟ್ಟರೆ ವಿದ್ಯೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಕರ್ಮಿಗಳು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳವರೊಂದಿಗೆ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿಗೆ ಪಾಲುದಾರರು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ಮಿಲಾನ್ ಪ್ರದರ್ಶನದಲ್ಲಿ ತೋರಿಸಿದಾಗ ದೇಶದಲ್ಲಿ ಆಕ್ಷೇಪ ಎದ್ದಿತು. ಕಂಪನಿ ಭಾರತದ ಮೂಲವನ್ನು ಒಪ್ಪಿಕೊಳ್ಳಬೇಕಾಯಿತು. ದೂರದ ಕಂಪನಿಗೆ ನಾವು ಕೇಳಿದ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಕಲಿತ ವಿದ್ಯೆ ಯಾರದೆಂದು ನಾವು ಹೇಳುತ್ತೇವೆಯೇ?

ಶರಣ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲಿಯೇ ಉಳಿ, ಕತ್ತಿಗಳ ಹೆಸರನ್ನು ಸೇರಿಸಿಕೊಂಡ. ನಾಚುವುದಕ್ಕೇನೂ ಇಲ್ಲದ ಕಾಯಕ ಅದು ಎಂದು ಅವನಿಗೆ ಗೊತ್ತಿತ್ತು. ಉಳಿದವರಿಗೆ ಅದು ತಿಳಿಯಲು ಎಂಟು ನೂರು ವರ್ಷ ಸಾಲದಾಯಿತು. ಇಂದು ಚರ್ಮದ ಕೆಲಸ ಹವ್ಯಾಸವಾಗಿ, ಕಲೆಯಾಗಿ, ಒಳ್ಳೆಯ ಬೆಲೆಯ ವ್ಯಾಪಾರವಾಗಿ ಮರಳುತ್ತಿದೆ. ಕಲಿಯಲು ಹೊರಟವರು ಯಾವ ಜಾತಿಯವರಾದರೂ ಆಗಲಿ, ಹದ ಬಲ್ಲ ಹಿರಿಯರ ಬಳಿ ಹೋಗಿ ಕೂರಲಿ. ಪಾಠಕ್ಕೆ ಶುಲ್ಕ ಕೊಡಲಿ, ಮಾರುವಾಗ ಕಲಿಸಿದವರ ಹೆಸರು ಹೇಳಲಿ.

'ಚರ್ಮ ಸುಲಿದು ಚಪ್ಪಲಿ ಮಾಡಿ ಹಾಕಿದರೂ ಋಣ ತೀರುವುದಿಲ್ಲ' ಎಂದು ನಾವು ಸಿಕ್ಕಸಿಕ್ಕವರಿಗೆ ಹೇಳುತ್ತೇವೆ. ನಿಜವಾಗಿ ಚರ್ಮ ಹದ ಮಾಡಿ, ಚಪ್ಪಲಿ ಹೊಲಿದು ಕೊಟ್ಟವರಿಗೆ ಆ ಮಾತನ್ನು ಯಾರೂ ಹೇಳಿದಂತಿಲ್ಲ.